ಮುಂದಿನ ಸಲ ನನ್ನನ್ನು ಕರೆಯಬೇಡ

ಮಂಗಳವಾರ ಸಂಜೆ ಬಾಗಲಕೋಟೆಯ ನವನಗರದ ಒಂದು ಮನೆಯಲ್ಲಿ, ನಾನು ಮಾರುವ ಪ್ಲಾಸ್ಟಿಕ್ ಡಬ್ಬಿಗಳ ಡೆಮೊ ಮುಗಿಸಿ ಅವನ್ನು ಚೀಲಕ್ಕೆ ತುಂಬುತ್ತಿದ್ದೆ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಹಿರಿಯರೊಬ್ಬರು ತಿರುಗಿ ನೋಡಿ, “ಮುಂದಿನ ಸಲ ನನ್ನನ್ನು ಕರೆಯಬೇಡ ತಂಗಿ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಮುಖದಲ್ಲಿ ಬೇಸರವೂ ಇರಲಿಲ್ಲ. ಹೇಳಬೇಕಾದದ್ದನ್ನು ಹೇಳಿ ಸೆರಗು ಸರಿಪಡಿಸಿಕೊಂಡು ಹೊರಟುಹೋದರು. ಒಳಗೆ ಉಳಿದವರು ಚಹಾದ ಎರಡನೆಯ ಸುತ್ತಿನಲ್ಲಿದ್ದರು. ಯಾರ ಕಿವಿಗೂ ಬೀಳಲಿಲ್ಲ. ನನ್ನ ಕಿವಿಯಿಂದ ಮಾತ್ರ ಅದು ಈ ಹೊತ್ತಿಗೂ ಇಳಿದಿಲ್ಲ.

ಅಂದು ಬಂದವರಲ್ಲಿ ಡಬ್ಬಿಯನ್ನು ನಿಜವಾಗಿ ಪರೀಕ್ಷಿಸಿದವರು ಅವರೊಬ್ಬರೇ. ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ ಬಹಳ ವರ್ಷ ದುಡಿದವರು. ಸಾಂಬಾರಿನ ಹಂಡೆ ಇಳಿಸಿದ ಕೈ ಅದು. ನಾನು ಕೊಟ್ಟ ಡಬ್ಬಿಯನ್ನು ಮೊದಲು ಬೋರಲು ಹಾಕಿದರು. ಮುಚ್ಚಳದ ಒಳಅಂಚಿನಲ್ಲಿ ಹೆಬ್ಬೆರಳನ್ನು ಸುತ್ತಲೂ ಆಡಿಸಿದರು, ರಬ್ಬರಿನ ಉಂಗುರವನ್ನು ಉಗುರಿನಿಂದ ಎಬ್ಬಿಸಿ ಅದರ ಕೆಳಗೆ ನೀರು ನಿಲ್ಲುತ್ತದೆಯೇ ಎಂದು ನೋಡಿದರು. ಅರಿಶಿನದ ಕಲೆ ಹೋಗುತ್ತದೆಯೇ ಎಂದು ಕೇಳಿದರು. ಉಜ್ಜಿದರೆ ಹೋಗುವುದಿಲ್ಲ, ಬಿಸಿಲಿಗಿಟ್ಟರೆ ತಿಳಿಯಾಗುತ್ತದೆ ಎಂದೆ. ಮಸಾಲೆ ಖಾರ ತುಂಬಿಟ್ಟರೆ ವಾಸನೆ ಕೂರುತ್ತದೆಯೇ ಎಂದರು. ಕೂರುತ್ತದೆ, ಖಾರಕ್ಕೆ ಗಾಜಿನ ಭರಣಿಯೇ ಮೇಲು ಎಂದೆ. ತಳದಲ್ಲಿ ತ್ರಿಕೋನದ ನಡುವೆ 5 ಎಂದು ಬರೆದದ್ದು ಏಕೆ ಎಂದರು. ಅದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನ ಗುರುತು, ಬಿಸಿ ಪದಾರ್ಥವನ್ನು ತಡೆಯುತ್ತದೆ ಎಂದು ವಿವರಿಸಿದೆ. ಇಷ್ಟು ಒಳ್ಳೆಯ ಪ್ರಶ್ನೆಗಳನ್ನು ನನಗೆ ತರಬೇತಿ ಕೊಟ್ಟವರೂ ಕೇಳಿರಲಿಲ್ಲ.

ಬೆಲೆ ಹೇಳಿದಾಗ ಡಬ್ಬಿಯನ್ನು ಜೋಪಾನವಾಗಿ ಚಾಪೆಯ ಮೇಲಿಟ್ಟರು. ಆರ್ಡರ್ ಹಾಳೆ ಕೈಯಿಂದ ಕೈಗೆ ಸುತ್ತಿ ಅವರ ಬಳಿ ಬಂದಾಗ ಅದರಲ್ಲಿ ಎಲ್ಲರ ಹೆಸರೂ ಎಲ್ಲರ ಮೊತ್ತವೂ ಇತ್ತು. ಮೇಲಿನಿಂದ ಕೆಳಗಿನವರೆಗೆ ಓದಿದರು. ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದಾದ ಒಂದು ಸಣ್ಣ ಸೌಟನ್ನು ಬರೆಸಿದರು. ಉಳಿದವರು ಸಾಮಾನು ಬಂದ ಮೇಲೆ ಹಣ ಕೊಡುವವರು. ಇವರು ಮಾತ್ರ ಸೊಂಟದ ಸಂಚಿ ಬಿಚ್ಚಿ, ನಾಲ್ಕು ಮಡಿಕೆಯ ನೋಟುಗಳನ್ನು ಬಿಡಿಸಿ ಆಗಲೇ ಎಣಿಸಿ ಕೊಟ್ಟರು. ಆಮೇಲೆ ಎದ್ದು ಹೋಗಿ ಚಪ್ಪಲಿ ಮೆಟ್ಟಿದರು. ಆಮೇಲೆ ಆ ಮಾತು.

ದುಡ್ಡಿನ ತೊಂದರೆ ಎಂದು ಮೊದಲು ಅಂದುಕೊಂಡೆ. ಅಷ್ಟೇ ಆಗಿದ್ದರೆ “ಈ ಸಲ ಬೇಡ” ಎನ್ನುತ್ತಿದ್ದರು. ಕರೆಯಲೇಬೇಡ ಎಂದದ್ದು ಏಕೆ ಎಂಬುದು ರಾತ್ರಿ ರೊಟ್ಟಿ ಬಡಿಯುವಾಗ ಹೊಳೆಯಿತು.

ನಮ್ಮ ವ್ಯಾಪಾರ ನಡೆಯುವುದೇ ಹೀಗೆ: ಒಬ್ಬರು ತಮ್ಮ ಮನೆಗೆ ನೆರೆಹೊರೆಯವರನ್ನು ಕರೆಯುತ್ತಾರೆ, ಚುರುಮುರಿ ಚೂಡಾ, ಮಿರ್ಚಿ ಭಜಿ, ಚಹಾ ಮಾಡುತ್ತಾರೆ. ನಾನು ಹೋಗಿ ಸಾಮಾನು ತೋರಿಸುತ್ತೇನೆ. ಒಟ್ಟು ಮಾರಾಟ ಒಂದು ಮಟ್ಟ ದಾಟಿದರೆ ಮನೆಯೊಡತಿಗೆ ಕಂಪನಿಯಿಂದ ಉಡುಗೊರೆ. ಕಳೆದ ತಿಂಗಳು ಇವರ ಮನೆಯಲ್ಲಿ ಅವರು ಕೊಂಡಿದ್ದರೆ ಈ ತಿಂಗಳು ಅವರ ಮನೆಯಲ್ಲಿ ಇವರು ಕೊಳ್ಳಲೇಬೇಕು. ಮದುವೆಯ ಆಯೇರಿಯ ಹಾಗೆ. ಯಾರು ಎಷ್ಟು ಮಾಡಿದರು ಎಂದು ವಹಿಯಲ್ಲಿ ಬರೆದಿಟ್ಟು, ಅವರ ಮನೆಯ ಕಾರ್ಯಕ್ಕೆ ಅಷ್ಟನ್ನು ಹಿಂದಿರುಗಿಸುವ ರೂಢಿ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಕೊಟ್ಟದ್ದು ಒಂದು ದಿನ ತಿರುಗಿ ಬರುತ್ತದೆ ಎಂಬ ಭರವಸೆಯ ಮೇಲೆಯೇ ಅದು ನಿಂತಿದೆ.

ಆ ಹಿರಿಯರಿಗೆ ಅದು ತಿರುಗಿ ಬರುವುದಿಲ್ಲ. ಅವರದು ಒಂದೇ ಕೋಣೆಯ ಮನೆ, ಮಗ ಸೊಸೆ ಮೊಮ್ಮಕ್ಕಳು ಅದರಲ್ಲೇ. ಇಷ್ಟು ಜನರನ್ನು ಕೂರಿಸಿ ಡೆಮೊ ಇಡಿಸುವ ಸರದಿ ಅವರಿಗೆ ಎಂದೂ ಬರುವುದಿಲ್ಲ. ಪ್ರತಿ ಸಲವೂ ಬೇರೆಯವರ ಉಡುಗೊರೆಗೆ ತಮ್ಮ ಸಂಚಿಯಿಂದ ಸೇರಿಸಬೇಕು, ಚೂಡಾ ತಿಂದು ಸುಮ್ಮನೆ ಎದ್ದು ಬಂದೆನೆಂಬ ಮಾತು ಬರದಂತೆ ಸೌಟೋ ಜರಡಿಯೋ ಬರೆಸಬೇಕು. “ಮುಂದಿನ ಸಲ ನನ್ನನ್ನು ಕರೆಯಬೇಡ ತಂಗಿ.” ಕರೆದರೆ ಬಾರದೆ ಇರಲಾರರು, ಬಂದರೆ ಕೊಳ್ಳದೆ ಇರಲಾರರು. ಕರೆಯದಿದ್ದರೆ ಮಾತ್ರ ಎರಡರಿಂದಲೂ ಪಾರು.

ಮರುದಿನ ಮನೆಯೊಡತಿಗೆ ಫೋನ್ ಮಾಡಿ ಹೇಳಿದೆ. “ನಾನೇನು ಅವರಿಗೆ ಕೊಳ್ಳಿ ಎಂದೆನೇ?” ಎಂದು ನೊಂದುಕೊಂಡರು. ಎನ್ನಲಿಲ್ಲ, ನಿಜ. ಕಷ್ಟದಲ್ಲಿ ಮೊದಲು ಓಡಿ ಬರುವ ಹೆಂಗಸು ಅವರು. ಆದರೆ ಹಾಳೆಯ ಮೊತ್ತ ಕೂಡುವಾಗ ಅವರ ಬೆರಳು ಆ ಸೌಟಿನ ಸಾಲಿನ ಮೇಲೆ ಒಂದು ಗಳಿಗೆ ನಿಂತದ್ದನ್ನು ನಾನು ನೋಡಿದ್ದೇನೆ.

ನನ್ನ ಮೇಲಿನ ಮ್ಯಾನೇಜರ್ ಹೇಳಿದ್ದನ್ನು ಕೇಳಿ ನನಗೆ ಮೈ ಉರಿಯಿತು. “ಅಂಥವರನ್ನು ಪಟ್ಟಿಯಿಂದ ತೆಗೆದುಬಿಡಿ. ಕೊಳ್ಳುವ ಶಕ್ತಿ ಇರುವವರನ್ನೇ ಕರೆಸಿ” ಎಂದರು. ಟಾರ್ಗೆಟ್ ಬಿಟ್ಟರೆ ಬೇರೆ ಭಾಷೆ ಗೊತ್ತಿಲ್ಲದವರು ಅವರು. ಸೌಟು ಕೊಂಡ ಕೈಯನ್ನು ಲೆಕ್ಕ ಹಾಕಿದರೇ ಹೊರತು, ಆ ಡಬ್ಬಿಯ ಅಂಚಿನಲ್ಲಿ ಆಡಿದ ಹೆಬ್ಬೆರಳನ್ನು ಅವರು ಕಂಡಿಲ್ಲ. ಅಂದು ಇಬ್ಬರು ದೊಡ್ಡ ಸೆಟ್ ಬರೆಸಿದ್ದೇ ಆ ಹಿರಿಯರ ಪ್ರಶ್ನೆಗಳಿಗೆ ಸಿಕ್ಕ ಉತ್ತರ ಕೇಳಿ. ಖಾರಕ್ಕೆ ಗಾಜೇ ಮೇಲು ಎಂದು ನನ್ನ ಬಾಯಿಂದ ಹೇಳಿಸಿದ್ದರಿಂದಲೇ ಉಳಿದ ಮಾತುಗಳನ್ನು ಆ ಇಬ್ಬರು ನಂಬಿದರು.

ಈ ಕೆಲಸವನ್ನು ಹಗುರ ಮಾಡಿ ಮಾತನಾಡುವವರ ಪೈಕಿ ನಾನಲ್ಲ. ಇದರ ಹಿಂದೆ ಒಂದು ಹೆಣ್ಣಿನ ದುಡಿಮೆ ಇದೆ. ಅಮೆರಿಕದಲ್ಲಿ ಟಪ್ಪರ್‌ವೇರ್ ಡಬ್ಬಿಗಳು ಅಂಗಡಿಯಲ್ಲಿ ಬಿಕರಿಯಾಗದೆ ಕೂತಿದ್ದಾಗ, ಅವುಗಳ ಮುಚ್ಚಳ ಹೇಗೆ ಹಾಕಬೇಕೆಂದು ಮನೆಮನೆಯಲ್ಲಿ ತೋರಿಸಿ ಮಾರಿದವರಲ್ಲಿ ಮುಂಚೂಣಿಯಲ್ಲಿದ್ದವರು ಬ್ರೌನಿ ವೈಸ್, ಒಂಟಿಯಾಗಿ ಮಗನನ್ನು ಸಾಕುತ್ತಿದ್ದ ತಾಯಿ. 1951ರಲ್ಲಿ ಕಂಪನಿ ಅಂಗಡಿಗಳಿಂದ ಡಬ್ಬಿಗಳನ್ನು ಹಿಂದಕ್ಕೆ ಪಡೆದು ಪೂರ್ತಿ ಇದೇ ದಾರಿಗೆ ಬಂತು. 1954ರಲ್ಲಿ ‘ಬಿಸಿನೆಸ್ ವೀಕ್’ ಪತ್ರಿಕೆಯ ಮುಖಪುಟದಲ್ಲಿ ಬಂದ ಮೊದಲ ಮಹಿಳೆ ಆಕೆ. 1958ರಲ್ಲಿ ಆಕೆಯನ್ನೇ ಕೆಲಸದಿಂದ ತೆಗೆದರು. ಆ ಡಬ್ಬಿ ಭಾರತಕ್ಕೆ 1996ರಲ್ಲಿ ಬಂತು, ಹಿಂದೆ ಮುಂದೆ ಇನ್ನೂ ಹಲವು ಕಂಪನಿಗಳು ಬಂದವು. ಹೊರಗೆ ಕೆಲಸಕ್ಕೆ ಹೋಗು ಎಂದು ಮನೆಯವರು ಒಪ್ಪದ ಎಷ್ಟೋ ಹೆಣ್ಣುಮಕ್ಕಳಿಗೆ ಇದು ಮೊದಲ ಸಂಪಾದನೆ. ನನ್ನ ಮಗಳ ಕಾಲೇಜಿನ ಶುಲ್ಕ ಈ ಚೀಲದಿಂದಲೇ ಹೋಗಿದೆ.

ಕಾನೂನೂ ಇದೆ. 2021ರ ಡಿಸೆಂಬರ್‌ನಲ್ಲಿ ನೇರ ಮಾರಾಟದ ನಿಯಮಗಳನ್ನು ಕೇಂದ್ರ ಸರ್ಕಾರ ತಂದಿತು. ಮಾರುವವರಿಂದ ಸೇರ್ಪಡೆ ಶುಲ್ಕ ಪಡೆಯುವಂತಿಲ್ಲ, ಪ್ರಾತ್ಯಕ್ಷಿಕೆಯ ಸಾಮಾನಿಗೆ ದುಡ್ಡು ಕೇಳುವಂತಿಲ್ಲ, ಗುರುತಿನ ಚೀಟಿ ಇಲ್ಲದೆ, ಮೊದಲೇ ತಿಳಿಸದೆ ಗ್ರಾಹಕರ ಮನೆಗೆ ಹೋಗುವಂತಿಲ್ಲ, ಸಾಮಾನು ಹಿಂದಿರುಗಿಸುವ ಬಗೆಯನ್ನು ತಿಳಿಸಲೇಬೇಕು. ಎಲ್ಲವೂ ಬೇಕಾದದ್ದೇ, ನಾನು ಗುರುತಿನ ಚೀಟಿ ಇಲ್ಲದೆ ಹೊಸ್ತಿಲು ದಾಟುವುದಿಲ್ಲ. ಆದರೆ ಪಕ್ಕದಲ್ಲಿ ಕೂತ ನೆರೆಯಾಕೆಯ ಕಣ್ಣಿನ ಭಾರಕ್ಕೆ ಯಾವ ನಿಯಮವೂ ಇಲ್ಲ. ಅದನ್ನು ನಾವೇ ನೋಡಿಕೊಳ್ಳಬೇಕು.

ನವನಗರದಲ್ಲಿ ಇದು ಇನ್ನೂ ಹೆಚ್ಚು ಚುಚ್ಚುತ್ತದೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಬಾಗಲಕೋಟೆಯ ಭಾಗಗಳು ಹೋದಾಗ ಕಿಲ್ಲಾದವರು, ವೆಂಕಟಪೇಟೆಯವರು ಎಂದೆಲ್ಲ ಗುಂಪಾಗಿದ್ದವರು ಸೆಕ್ಟರ್ ಸೆಕ್ಟರ್‌ಗೆ ಹಂಚಿಹೋದರು. ಹಳೇ ಊರಿನಲ್ಲಿ ಸಂಜೆ ಕಟ್ಟೆಗೆ ಬಂದು ಕೂರಲು ಯಾರೂ ಯಾರನ್ನೂ ಕರೆಯಬೇಕಿರಲಿಲ್ಲ. ಇಲ್ಲಿ ಅಳತೆಯ ರಸ್ತೆ, ಕಂಪೌಂಡು, ಗೇಟು. ಹಳೆಯ ಓಣಿಯ ಹೆಂಗಸರು ಒಂದೆಡೆ ಸೇರುವುದಕ್ಕೆ ಅರಿಶಿನ ಕುಂಕುಮ ಬಿಟ್ಟರೆ ಇಂಥದೇ ನೆಪ. ಅಂದು ಡೆಮೊ ಶುರುವಾಗುವ ಮುಂಚೆ ಅವರೆಲ್ಲ ಅರ್ಧ ತಾಸು ಹಳೇ ಓಣಿಯ ಹೋಳಿಯ ಬಗ್ಗೆ ಮಾತನಾಡಿದರು. ಎಲ್ಲಕ್ಕಿಂತ ಹೆಚ್ಚು ನಕ್ಕವರು ಆ ಹಿರಿಯರೇ. ಪಟ್ಟಿಯಿಂದ ಅವರ ಹೆಸರು ಹೊಡೆದುಹಾಕಿದರೆ ಡಬ್ಬಿಯಷ್ಟೇ ತಪ್ಪುವುದಿಲ್ಲ, ಆ ಅರ್ಧ ತಾಸೂ ತಪ್ಪುತ್ತದೆ. “ಮುಂದಿನ ಸಲ ನನ್ನನ್ನು ಕರೆಯಬೇಡ ತಂಗಿ” ಎನ್ನುವಾಗ ಅವರು ಅದನ್ನೂ ಬಿಟ್ಟುಕೊಟ್ಟಿದ್ದರು.

ಇನ್ನು ಮುಂದೆ ಆರ್ಡರ್ ಹಾಳೆಯನ್ನು ಸಭೆಯಲ್ಲಿ ಸುತ್ತಿಸುವುದಿಲ್ಲ ಎಂದು ಮ್ಯಾನೇಜರಿಗೆ ತಿಳಿಸಿದ್ದೇನೆ. ಎಲ್ಲರಿಗೂ ಬೆಲೆಪಟ್ಟಿ ಕೊಟ್ಟು ಬರುತ್ತೇನೆ. ಬೇಕಾದವರು ಎರಡು ದಿನದೊಳಗೆ ನನಗೊಬ್ಬಳಿಗೇ ಫೋನ್ ಮಾಡಲಿ. ಯಾರು ಎಷ್ಟು ಬರೆಸಿದರು, ಬರೆಸಲಿಲ್ಲ ಎಂಬುದು ಮನೆಯೊಡತಿಗೂ ಗೊತ್ತಾಗಬೇಕಿಲ್ಲ, ಒಟ್ಟು ಮೊತ್ತ ತಿಳಿದರೆ ಸಾಕು. ಹೀಗೆ ಮಾಡಿದರೆ ಮಾರಾಟ ಅರ್ಧಕ್ಕೆ ಇಳಿಯುತ್ತದೆ ಎಂದರು. ಇಳಿದರೆ ಇಳಿಯಲಿ, ಮುಲಾಜಿಗೆ ಹೋಗುತ್ತಿದ್ದ ಅರ್ಧ ಅದು ಎಂದೆ.

ಶನಿವಾರ ಸಾಮಾನು ಬರುತ್ತದೆ. ಸೌಟು ಕೊಡಲು ಅವರ ಮನೆಗೆ ನಾನೇ ಹೋಗುತ್ತೇನೆ. ಕೋಣೆ ಒಂದೇ ಆದರೂ ಮನೆಯ ಮುಂದೆ ಬೇವಿನ ನೆರಳಿದೆ, ಎರಡು ಚಾಪೆ ಹಾಸುವಷ್ಟು ಜಾಗವಿದೆ. ಮುಂದಿನ ಡೆಮೊ ಅಲ್ಲಿಡೋಣವೇ, ಚೂಡಾ ಚಹಾ ನನ್ನದು, ಕಂಪನಿಯ ಉಡುಗೊರೆ ನಿಮ್ಮದು ಎಂದು ಕೇಳುತ್ತೇನೆ. ಬೇಡ ಎಂದರೆ ಒತ್ತಾಯಿಸುವುದಿಲ್ಲ. ಹಾಲ್ ಇಲ್ಲದ ಮನೆಯಲ್ಲಿ ಡೆಮೊ ಇಟ್ಟರೆ ಫೋಟೊ ಚೆನ್ನಾಗಿ ಬರುವುದಿಲ್ಲ ಎಂದು ಮ್ಯಾನೇಜರ್ ಈಗಾಗಲೇ ಸಂದೇಶ ಕಳಿಸಿದ್ದಾರೆ. ಫೋಟೊ ತೆಗೆಯುವುದಿಲ್ಲ ಎಂದು ಉತ್ತರ ಬರೆದಿದ್ದೇನೆ.