ಬಾನೆಟ್ ಕೆಳಗೆ ಕೆಂಪು ಧೂಳು: ಮನೆಯಲ್ಲೇ ಇಂಜಿನ್ ತೊಳೆದ ಲೆಕ್ಕ

ಶನಿವಾರ ಸಂಜೆ

ಮನೆ ಮುಂದೆ ಬಾನೆಟ್ ಎತ್ತಿ, ಚಹಾ ಲೋಟ ಹಿಡಿದು ಹತ್ತು ನಿಮಿಷ ಸುಮ್ನೆ ನೋಡುತ್ತಾ ನಿಂತೆ. 2014ರ ಪೆಟ್ರೋಲ್ ಕಾರು, ಮೂರು ಸಿಲಿಂಡರ್. ಹೊರಗಿನ ಬಣ್ಣ ಬಿಳಿ. ಒಳಗೆ ಮಾತ್ರ ಕಾವಿ. ಬ್ಯಾಟರಿ, ಹೋಸ್, ಫ್ಯೂಸ್ ಬಾಕ್ಸ್ ಎಲ್ಲವೂ ಸನ್ಯಾಸ ತೆಗೆದುಕೊಂಡ ಹಾಗಿದೆ.

ಬಳ್ಳಾರಿಯಲ್ಲಿ ಕಾರು ಇಟ್ಟವರಿಗೆ ಇದೇನು ಹೊಸದಲ್ಲ. ನಾನು ದಿನಾ ತೋರಣಗಲ್ಲಿಗೆ ಹೋಗಿ ಬರುವವನು, ಒಂದು ಕಡೆಗೆ 30 ಚಿಲ್ಲರೆ ಕಿಲೋಮೀಟರ್. ಹೊಸಪೇಟೆ ರೋಡಿನಲ್ಲಿ ಮುಂದೊಂದು ಅದಿರು ಲಾರಿ ಸಿಕ್ಕಿತೆಂದರೆ ಅದನ್ನು ದಾಟುವವರೆಗೆ ಧೂಳೇ ಊಟ. ನನಗೂ, ಕಾರಿಗೂ. ಇದು ಹೊಲದ ಮಣ್ಣಿನ ಧೂಳಲ್ಲ. ಸಂಡೂರು ಬೆಟ್ಟಗಳ ಅದಿರು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಅಷ್ಟೇ ಗಾತ್ರದ ಮರಳಿನ ಕಣಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ತೂಕ. ಗಡಸುತನದಲ್ಲಿ ಗಾಜಿಗೆ ಹತ್ತಿರ. ಒಣ ಬಟ್ಟೆ ಹಾಕಿ ಗಸಗಸ ತಿಕ್ಕಿದರೆ ಬಣ್ಣಕ್ಕೆ ಗೀರು ಬೀಳುವುದು ಗ್ಯಾರಂಟಿ.

ಹೋದ ವರ್ಷ ಒಂದು ವಾಟರ್ ಸರ್ವಿಸ್‌ಗೆ ಬಿಟ್ಟಿದ್ದೆ. ಹುಡುಗ ಪ್ರೆಷರ್ ಗನ್ ಹಿಡಿದು ಬಾನೆಟ್ ಒಳಗೆ ಎರಡು ನಿಮಿಷ ಹೊಡೆದ. ಇಂಜಿನ್ ಥಳಥಳ ಹೊಳೆಯಿತು. ಮನೆಗೆ ಬರುವಷ್ಟರಲ್ಲಿ ಹಾರ್ನ್ ಸತ್ತಿತ್ತು. ರೇಡಿಯೇಟರ್ ಮುಂದಿನ ತೆಳು ರೆಕ್ಕೆಗಳು ಒಂದು ಅಂಗೈ ಅಗಲ ಮಡಚಿ ಹೋಗಿದ್ದವು. ಆವತ್ತೇ ತೀರ್ಮಾನ ಮಾಡಿದೆ, ಇನ್ನು ಮುಂದೆ ಈ ಕೆಲಸ ನನ್ನದೇ.

ತೊಳೆಯುವ ಮೊದಲು ಇವತ್ತು ಮಾಡಿದ್ದು ಒಂದೇ ಕೆಲಸ: ಫೋಟೋ. ಮೊಬೈಲ್ ಟಾರ್ಚ್ ಹಾಕಿ 40ಕ್ಕೂ ಜಾಸ್ತಿ ತೆಗೆದೆ. ಹೊಳಪು ಬರುತ್ತದೆ, ಅದು ದೊಡ್ಡದಲ್ಲ. ಆದರೆ ಈ ಕೊಳೆಯಲ್ಲಿ ಸುದ್ದಿ ಇರುತ್ತದೆ. ಸೋರಿಕೆ ಇಲ್ಲದ ಕಡೆ ಧೂಳು ಪುಡಿಪುಡಿಯಾಗಿ ಕೂರುತ್ತದೆ, ಉಫ್ ಅಂದರೆ ಹಾರುತ್ತದೆ. ಎಣ್ಣೆ ಒಸರುವ ಕಡೆ ಅದೇ ಧೂಳು ಅಂಟಿ ಕಪ್ಪು-ಕೆಂಪು ಮೇಣದ ಹಾಗೆ ಆಗುತ್ತದೆ. ಇಂಜಿನ್ ತಂಪಾಗಿಡುವ ಕೂಲೆಂಟ್ ಸೋರಿ ಒಣಗಿದರೆ ಹಕ್ಕಳೆ ಕಟ್ಟುತ್ತದೆ. ಬ್ಯಾಟರಿ ತುದಿಗೆ ಬಿಳಿ-ನೀಲಿ ಪುಡಿ ಬಂದರೆ ಅದು ಆಸಿಡ್ ಕೆಲಸ. ಎಣ್ಣೆ ಎಲ್ಲಿ ಸೋರುತ್ತಿದೆ ಅಂತ ಹುಡುಕಲು ಕೆಲವರು ಇಂಜಿನ್ ಒರೆಸಿ ಪೌಡರ್ ಉದುರಿಸಿ ನೋಡುತ್ತಾರೆ. ನಮಗೆ ಆ ಪೌಡರ್ ಪುಕ್ಕಟೆ, ದಿನಾ ಮನೆ ಬಾಗಿಲಿಗೆ ಬಂದು ಬೀಳುತ್ತದೆ.

ಮೇಣದಂಥ ಜಾಗ ಎರಡು ಸಿಕ್ಕವು. ಒಂದು ಆಯಿಲ್ ಕ್ಯಾಪ್ ಸುತ್ತ. ಅದು ನಾನೇ ಆಯಿಲ್ ಹಾಕುವಾಗ ಚೆಲ್ಲಿದ್ದು ಇರಬೇಕು. ಇನ್ನೊಂದು ಇಂಜಿನ್ ತಲೆಯ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್‌ನ ಹಿಂದಿನ ಮೂಲೆ. ಅದರ ಮೇಲೆ ಅನುಮಾನ ಇದೆ.

ಭಾನುವಾರ ಬೆಳಿಗ್ಗೆ, 6:30

ಮಾರ್ಚ್ ಕೊನೆ. ನಮ್ಮೂರಲ್ಲಿ ಒಂಬತ್ತಕ್ಕೇ ಬಿಸಿಲು ನೆತ್ತಿಗೆ ಬರುತ್ತದೆ. ಬಿಸಿ ಲೋಹದ ಮೇಲೆ ಡಿಗ್ರೀಸರ್ (ಜಿಡ್ಡು ಬಿಡಿಸುವ ದ್ರಾವಣ) ಬಿದ್ದರೆ ಕೊಳೆ ಬಿಡಿಸುವ ಮೊದಲೇ ಒಣಗಿ ಕಲೆಯಾಗುತ್ತದೆ. ಕುದಿಯುವ ಹಾಗಿರುವ ಇಂಜಿನ್‌ಗೆ ತಣ್ಣೀರು ಬಿದ್ದರೆ ಲೋಹಕ್ಕೂ ಒಳ್ಳೆಯದಲ್ಲ, ಮೈಮೇಲೆ ಆವಿಯೂ ಬರುತ್ತದೆ. ಅದಕ್ಕೆ ಬೆಳಗಿನ ಹೊತ್ತೇ ಸರಿ. ಮೂರು ನಿಮಿಷ ಮಾತ್ರ ಇಂಜಿನ್ ಓಡಿಸಿ ಆರಿಸಿದೆ. ಕೈ ಇಟ್ಟರೆ ಬೆಚ್ಚಗೆ ಅನಿಸಬೇಕು, ಸುಡಬಾರದು. ಅಷ್ಟು ಸಾಕು, ಜಿಡ್ಡು ಮೆತ್ತಗಾಗುತ್ತದೆ.

ಆಮೇಲೆ 10 ನಂಬರ್ ಸ್ಪ್ಯಾನರ್ ತೆಗೆದುಕೊಂಡು ಬ್ಯಾಟರಿಯ ನೆಗೆಟಿವ್ ತುದಿ ಬಿಚ್ಚಿದೆ. ಯಾವಾಗಲೂ ಮೊದಲು ನೆಗೆಟಿವ್. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಪಕ್ಕದ ಬಾಡಿಗೆ ತಾಗಿದರೆ, ನೆಗೆಟಿವ್ ಇನ್ನೂ ಸಿಕ್ಕಿಸಿಯೇ ಇದ್ದರೆ, ಬೆಂಕಿ ಕಿಡಿ ನೋಡಬೇಕಾಗುತ್ತದೆ. ನೆಗೆಟಿವ್ ತೆಗೆದರೆ ಇನ್ನೊಂದು ಲಾಭ: ಕೆಲವು ಕಾರುಗಳಲ್ಲಿ ಇಂಜಿನ್ ಆರಿಸಿದ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗಿಯೇ ತಿರುಗಿಬಿಡುತ್ತದೆ. ಬೆರಳು ಅಲ್ಲೇ ಇದ್ದರೆ ಏನಾದೀತು ಅಂತ ಹೇಳಬೇಕಿಲ್ಲ, ಅಲ್ವಾ?

ಗ್ಲೌಸ್, ಮಾಸ್ಕ್ ಹಾಕಿದ್ದು ಧೂಳಿಗೆ ಅಂತ. ಬೇರೆ ಕಾರಣಕ್ಕೂ ಉಪಯೋಗಕ್ಕೆ ಬಂತು. ಬ್ಯಾಟರಿ ಟ್ರೇ ಹಿಂದೆ ಇಲಿಗೂಡು! ಶೇಂಗಾ ಸಿಪ್ಪೆ, ಬಾನೆಟ್ ಅಡಿಯ ಸ್ಪಂಜಿನ ಚೂರು, ಮತ್ತೆ ನೀಲಿ ಜೀನ್ಸ್ ದಾರ, ಒಂದು ಹಿಡಿ. ನಮ್ಮ ಓಣಿಯಲ್ಲಿ ಎರಡು ಮನೆಗಳಲ್ಲಿ ಜೀನ್ಸ್ ಹೊಲಿಯುತ್ತಾರೆ, ಅಲ್ಲಿಂದ ಹೊತ್ತು ತಂದಿದೆ. ಬಳ್ಳಾರಿ ಇಲಿ, ಜೀನ್ಸ್ ಇಲ್ಲದೆ ಹೇಗೆ ಮಲಗುತ್ತದೆ?

ನಗು ಬಂತು, ಆದರೆ ಇದು ನಗುವ ವಿಷಯ ಅಲ್ಲ. ಇಲಿ ಉಚ್ಚೆಯಿಂದ ಇಲಿಜ್ವರ ಬರುತ್ತದೆ. ಒಣ ಗೂಡನ್ನು ಕೊಡವಿದರೆ ಧೂಳು ಮೂಗಿಗೆ ಹೋಗುತ್ತದೆ. ಹಾಗಾಗಿ ಸ್ಪ್ರೇ ಬಾಟಲಿಯಿಂದ ಸೋಪಿನ ನೀರು ಸಿಂಪಡಿಸಿ ಒದ್ದೆ ಮಾಡಿ, ಇಡಿಯಾಗಿ ಎತ್ತಿ ಕವರಿಗೆ ಹಾಕಿ ಗಂಟು ಕಟ್ಟಿದೆ. ಬ್ಲೀಚಿಂಗ್ ಹಾಕು ಅಂತ ಮನೆಯವಳು ಹೇಳಿದಳು. ಇಂಜಿನ್ ಅಲ್ಯೂಮಿನಿಯಂನದು, ಬ್ಲೀಚಿಂಗ್ ಅದನ್ನು ತಿನ್ನುತ್ತದೆ, ಬೇಡ ಅಂದೆ. ಒಂದೊಂದೇ ವೈರ್ ಬೆರಳಲ್ಲಿ ಸವರಿ ನೋಡಿದೆ. ವೈಪರ್ ನೀರಿನ ಪೈಪ್ ಒಂದು ಕಡೆ ಕಡಿದಿದೆ, ವೈರ್ ಎಲ್ಲಾ ಸರಿ ಇವೆ. ಪುಣ್ಯ.

ಭಾನುವಾರ, 8 ಗಂಟೆ

ಮೊದಲ ಸುತ್ತು ಒಣ ಕೆಲಸ. ಎರಡು ಇಂಚಿನ ಪೇಂಟ್ ಬ್ರಷ್‌ನಿಂದ ಧೂಳು ಸಡಿಲ ಮಾಡುತ್ತಾ, ಇನ್ನೊಂದು ಕೈಯಲ್ಲಿ ವ್ಯಾಕ್ಯೂಮ್ ಪೈಪ್ ಹಿಡಿದೆ. ವೈಪರ್ ಕೆಳಗಿನ ಕಾಲುವೆಯಿಂದಲೇ ಎಲೆ, ಮಣ್ಣು ಸೇರಿ ಎರಡು ಬೊಗಸೆ ಬಂತು. ಅಲ್ಲಿನ ನೀರು ಹರಿಯುವ ತೂತು ಮುಚ್ಚಿತ್ತು. ಮಳೆಗಾಲದಲ್ಲಿ ನೋಡಿದ್ದರೆ ತಡವಾಗುತ್ತಿತ್ತು. ಕುತೂಹಲಕ್ಕೆ ಹಳೆ ಸ್ಪೀಕರಿನ ಅಯಸ್ಕಾಂತ ಹಿಡಿದು ನೋಡಿದೆ. ಸ್ವಲ್ಪವೇ ಪುಡಿ ಅಂಟಿತು. ಕಬ್ಬಿಣದ ಅದಿರು ಅಂತ ಎಲ್ಲಾ ಎಗರಿ ಬಂದು ಅಂಟುತ್ತದೆ ಅಂದುಕೊಂಡಿದ್ದೆ. ಹೆಮಟೈಟ್‌ಗೆ ಆ ಗುಣ ಕಡಿಮೆ, ಇನ್ನೊಂದು ಜಾತಿಯ ಅದಿರು ಮ್ಯಾಗ್ನಟೈಟ್ ಆಗಿದ್ದರೆ ಅಂಟುತ್ತಿತ್ತು.

ಏರ್ ಫಿಲ್ಟರ್ ಡಬ್ಬಿ ಬಿಚ್ಚಿದೆ. ಫಿಲ್ಟರ್ ಇಟ್ಟಿಗೆ ಬಣ್ಣ. ಅದನ್ನು ಗೋಡೆಗೆ ಬಡಿದು ಮತ್ತೆ ಹಾಕುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ. ಬಡಿದರೆ ಕಾಗದ ಹರಿಯಬಹುದು, ಹರಿದರೆ ಈ ಗಡಸು ಪುಡಿ ಸೀದಾ ಸಿಲಿಂಡರ್ ಒಳಗೆ. ಹೊಸದು ತಂದಿದ್ದೆ. ಆದರೆ ತೊಳೆಯುವುದು ಮುಗಿಯುವವರೆಗೆ ಹಳೆಯದೇ ಇರಲಿ ಅಂತ ಅದನ್ನೇ ಹಾಕಿ ಡಬ್ಬಿ ಮುಚ್ಚಿದೆ.

ಈಗ ಮುಚ್ಚುವ ಕೆಲಸ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಇಸಿಯು ಅಂದರೆ ಇಂಜಿನ್‌ನ ಕಂಪ್ಯೂಟರ್, ಏರ್ ಒಳಗೆ ಹೋಗುವ ಬಾಯಿ, ಪ್ಲಗ್ ಮೇಲೆ ಕೂತು ಕಿಡಿಗೆ ಕರೆಂಟ್ ಕೊಡುವ ಕಾಯಿಲ್‌ಗಳು. ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ರಬ್ಬರ್ ಬ್ಯಾಂಡ್ ಬಿಗಿದೆ. ಕೊನೆಯ ಕಾಯಿಲ್‌ಗೆ ಬರುವಾಗ ದಪ್ಪ ಚೀಲ ಖಾಲಿ. ತರಕಾರಿಯ ತೆಳು ಕ್ಯಾರಿ ಬ್ಯಾಗ್ ಸುತ್ತಿ, ಇರಲಿ ಬಿಡು ಅಂದೆ. ಈ ಮಾತು ನೆನಪಿಟ್ಟುಕೊಳ್ಳಿ.

ಡಿಗ್ರೀಸರ್ ನೀರಿನಲ್ಲಿ ಕರಗುವ ಜಾತಿಯದು, 350 ರೂಪಾಯಿ. ಒಂದಕ್ಕೆ ಐದು ಪಾಲು ನೀರು ಬೆರೆಸಿದೆ. ಪಕ್ಕದ ಮನೆಯ ಹಿರಿಯರು ಗೇಟಿನ ಮೇಲೆ ಕೈ ಇಟ್ಟು, "ಸೀಮೆಎಣ್ಣೆ ಹಾಕಪ್ಪ, ಬೆಣ್ಣೆ ಹಂಗ ಬಿಡ್ತದ" ಅಂದರು. ಬಿಡುವುದು ನಿಜ. ಆದರೆ ಸೀಮೆಎಣ್ಣೆ, ಪೆಟ್ರೋಲ್, ಡೀಸೆಲ್ ರಬ್ಬರ್ ಹೋಸ್‌ಗಳನ್ನು ಊದಿಸುತ್ತವೆ. ಒಂದು ಮೂಲೆಯಲ್ಲಿ ಉಳಿದರೆ, ಸೈಲೆನ್ಸರ್ ಪೈಪ್ ಕಾದಾಗ ಬೆಂಕಿಗೆ ದಾರಿ. ಹಿರಿಯರಿಗೆ ಅಷ್ಟೆಲ್ಲಾ ಹೇಳಲಿಲ್ಲ. ಚಹಾ ಕೊಟ್ಟೆ.

ಕೆಳಗಿನಿಂದ ಮೇಲಕ್ಕೆ ಸ್ಪ್ರೇ ಮಾಡಿದೆ. ಮೇಲಿನಿಂದ ಶುರು ಮಾಡಿದರೆ ಇಳಿದ ಗೆರೆಗಳು ಕಲೆಯಾಗಿ ಉಳಿಯುತ್ತವೆ. ಮೂರ್ನಾಲ್ಕು ನಿಮಿಷ ಬಿಟ್ಟು, ಹಳೆ ಟೂತ್ ಬ್ರಷ್‌ನಿಂದ ತಿಕ್ಕಿದೆ. ಟ್ಯಾಪೆಟ್ ಕವರ್ ಮೂಲೆಯ ಮೇಣಕ್ಕೆ ಮೂರು ಸಲ ಬೇಕಾಯಿತು. ಒರೆಸಲು ಓಣಿಯ ಜೀನ್ಸ್ ಚಿಂದಿ ತಂದಿದ್ದೆ, ಊರಿನ ಮಾಲು ಅಂತ. ಪ್ಲಾಸ್ಟಿಕ್ ಕವರ್ ಮೇಲೆ ಚೆನ್ನಾಗಿ ಕೆಲಸ ಮಾಡಿತು. ಆದರೆ ಅಂಚಿನ ದಾರ ಬೋಲ್ಟ್‌ಗಳಿಗೆ, ಕ್ಲಿಪ್‌ಗಳಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಬೆಲ್ಟ್ ಹತ್ತಿರ ಅದು ಬೇಡವೇ ಬೇಡ. ಕಡೆಗೆ ಹಳೆ ಬನಿಯನ್ನೇ ಗೆದ್ದಿತು.

ನೀರಿನ ಮಾತು. ನಮ್ಮ ಕಡೆ ನಳ ದಿನಾ ಬರುವುದಿಲ್ಲ. ಬೋರಿನ ನೀರು ಗಡಸು, ಒಣಗಿದರೆ ಬಿಳಿ ಚುಕ್ಕೆ ಉಳಿಯುತ್ತದೆ. ಒಂದು ವಾರ ಏಸಿ ಪೈಪಿನ ನೀರು ಕೊಡದಲ್ಲಿ ಹಿಡಿದಿಟ್ಟಿದ್ದೆ, ಅದರಲ್ಲಿ ಉಪ್ಪು ಇಲ್ಲ. ಕೊನೆಯ ಸಲ ಒರೆಸಲು ಒಳ್ಳೆಯದು. ಬ್ಯಾಟರಿಗೆ ಮಾತ್ರ ಅದನ್ನು ಹಾಕಬಾರದು, ಏಸಿ ಕಾಯಿಲಿನ ಲೋಹ, ಕೊಳೆ ಸೇರಿರುತ್ತದೆ. ಬ್ಯಾಟರಿಗೆ ಡಿಸ್ಟಿಲ್ಡ್ ನೀರೇ ಬೇಕು. ಒಟ್ಟು ಖರ್ಚಾಗಿದ್ದು ಐದು ಲೀಟರ್ ಕೂಡ ಇಲ್ಲ. ಕೆಳಗೆ ರಟ್ಟು ಹಾಸಿ, ಮೇಲೆ ಬಡಗಿಯ ಹತ್ತಿರ ತಂದ ಮರದ ಹೊಟ್ಟು ಹರವಿದ್ದೆ. ಎಣ್ಣೆ ನೀರೆಲ್ಲಾ ಅದರಲ್ಲೇ ಉಳಿಯಿತು, ಚರಂಡಿಗೆ ಹೋಗಲಿಲ್ಲ.

ಬ್ಯಾಟರಿ ತುದಿಯ ನೀಲಿ ಪುಡಿಗೆ ಒಂದು ಚಮಚ ಅಡುಗೆ ಸೋಡಾ, ಸ್ವಲ್ಪ ನೀರು. ಬುಸ್ ಅಂತ ನೊರೆ ಬಂದು ಬಿಟ್ಟಿತು. ಒರೆಸಿ, ಒಣಗಿಸಿ, ವ್ಯಾಸಲೀನ್ ಹಚ್ಚಿದೆ.

ಭಾನುವಾರ ಮಧ್ಯಾಹ್ನ

ಒಗ್ಗರಣೆ-ಮಿರ್ಚಿ ತಿಂದು ಬಂದು, ಚೀಲ ಎಲ್ಲಾ ತೆಗೆದು, ನೆಗೆಟಿವ್ ಸಿಕ್ಕಿಸಿ, ಕೀ ತಿರುಗಿಸಿದೆ. ಸ್ಟಾರ್ಟ್ ಆಯಿತು. ಆದರೆ ಎತ್ತಿನ ಗಾಡಿ ಹಾಗೆ ಕುಲುಕಾಟ. ಅರ್ಧ ನಿಮಿಷಕ್ಕೆ ಇಂಜಿನ್ ಲೈಟ್ ಮಿಣುಕಿತು.

ಆರಿಸಿದೆ. ಮಿಣುಕುವ ಲೈಟ್ ಬಂದ ಮೇಲೂ ಓಡಿಸಿದರೆ ಸುಡದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನೇ ಸುಟ್ಟು ಹಾಕುತ್ತದೆ. ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿದರೆ ಕೋಡ್ ಪಿ0303. ಮೂರನೇ ಸಿಲಿಂಡರ್ ಮಿಸ್‌ಫೈರ್, ಅಂದರೆ ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಯಾವ ಕಾಯಿಲ್? ತರಕಾರಿ ಚೀಲದ ಕಾಯಿಲ್. ಕೊನೆಗೆ ಅವಸರದಲ್ಲಿ ಮಗ್‌ನಿಂದ ನೀರು ಹೊಯ್ದಿದ್ದೂ ನಾನೇ.

ಮತ್ತೆ ನೆಗೆಟಿವ್ ಬಿಚ್ಚಿ ಕಾಯಿಲ್ ಎಳೆದೆ. ಪ್ಲಗ್ ಕೂರುವ ಗುಳಿಯಲ್ಲಿ ಒಂದು ಚಮಚದಷ್ಟು ನೀರು. ಇಲ್ಲಿ ಅವಸರದಿಂದ ಪ್ಲಗ್ ಬಿಚ್ಚಬಾರದು, ಬಿಚ್ಚಿದರೆ ನೀರು, ಕಸ ಎರಡೂ ಸಿಲಿಂಡರ್‌ಗೆ ಇಳಿಯುತ್ತದೆ. ಉದ್ದ ಸ್ಕ್ರೂಡ್ರೈವರ್‌ಗೆ ಬನಿಯನ್ ಚೂರು ಸುತ್ತಿ ಹೀರಿಸಿದೆ, ಐದಾರು ಸಲ. ಕಾಯಿಲ್ ಒರೆಸಿ ಬಿಸಿಲಲ್ಲಿ ಇಟ್ಟೆ. ಬಳ್ಳಾರಿ ಬಿಸಿಲು ಒಂದು ಗಂಟೆಯಲ್ಲಿ ಹೇರ್ ಡ್ರೈಯರ್ ಕೆಲಸ ಮಾಡಿ ಮುಗಿಸಿತು. ಮತ್ತೆ ಕೂರಿಸಿ ಸ್ಟಾರ್ಟ್ ಮಾಡಿದರೆ ಶಾಂತ. ಕೋಡ್ ಅಳಿಸಿದೆ, ಮತ್ತೆ ಬರಲಿಲ್ಲ. ಹೊಸ ಏರ್ ಫಿಲ್ಟರ್ ಹಾಕಿದೆ. ಗಡಿಯಾರ 12:00ಕ್ಕೆ ಹೋಗಿತ್ತು, ಸರಿ ಮಾಡಿದೆ.

ಪಾಲಿಶ್ ಹಾಕಲಿಲ್ಲ. ಹೊಳೆಯುವ ಎಣ್ಣೆ ಪಾಲಿಶ್ ಹಚ್ಚಿದರೆ ಮಾರನೇ ದಿನ ಕುಡತಿನಿ ದಾಟುವಷ್ಟರಲ್ಲಿ ಕೆಂಪು ಹಿಟ್ಟು ಹಚ್ಚಿದ ಹಾಗೆ ಆಗುತ್ತದೆ. ಬೆಲ್ಟ್ ಮೇಲೆ ಬಿದ್ದರೆ ಜಾರಿ ಕಿರ್ ಅನ್ನುತ್ತದೆ. ಅದೂ ಅಲ್ಲದೆ, ಎಲ್ಲಾ ಕಡೆ ಧೂಳು ಅಂಟಿದರೆ ಸೋರುವ ಜಾಗ ಯಾವುದು ಅಂತ ಹೇಗೆ ಗೊತ್ತಾಗಬೇಕು?

ಬುಧವಾರ

ವೈಪರ್ ಪೈಪ್ ಹೊಸದು ಹಾಕಿದೆ, ಒಂದು ಮೀಟರ್ ಸಾಕಾಯಿತು. ರಾತ್ರಿ ನಿಲ್ಲಿಸುವಾಗ ಬಾನೆಟ್ ಎತ್ತಿ ಇಡುತ್ತಿದ್ದೇನೆ. ಬೆಳಕು, ಗಾಳಿ ಇದ್ದರೆ ಇಲಿ ಗೂಡು ಕಟ್ಟುವುದಿಲ್ಲ ಅಂತ ಮೆಕ್ಯಾನಿಕ್ ಹೇಳಿದ. ಸದ್ಯಕ್ಕೆ ಬಂದಿಲ್ಲ. ಬೆಕ್ಕು ಬಂದು ಮಲಗಿತ್ತು, ಅದೂ ಕಾರಣ ಇರಬಹುದು. ಈಗ ಸ್ಟಾರ್ಟ್ ಮಾಡುವ ಮೊದಲು ಬೆಕ್ಕು ಇದೆಯಾ ಅಂತ ನೋಡುವುದು ಹೊಸ ಕೆಲಸ.

ಮೂರು ವಾರದ ನಂತರ, ಭಾನುವಾರ

ಸುಮಾರು 1,100 ಕಿಲೋಮೀಟರ್ ಓಡಿದೆ. ಬಾನೆಟ್ ಎತ್ತಿದೆ. ಎಲ್ಲಾ ಕಡೆ ತೆಳುವಾಗಿ ಕಾವಿ ಪುಡಿ, ಉಫ್ ಅಂದರೆ ಹಾರುತ್ತದೆ. ಆಯಿಲ್ ಕ್ಯಾಪ್ ಸುತ್ತ ಒಣಗಿದೆ, ಅಲ್ಲಿಗೆ ಅದು ನಾನು ಚೆಲ್ಲಿದ್ದೇ. ಟ್ಯಾಪೆಟ್ ಕವರ್ ಹಿಂದಿನ ಮೂಲೆಯಲ್ಲಿ ಮಾತ್ರ ಎರಡು ಬೆರಳು ಉದ್ದದ ಕಪ್ಪು-ಕೆಂಪು ಗೆರೆ, ಅಂಚಿಗೆ ಸರಿಯಾಗಿ, ಪೆನ್ನಿನಲ್ಲಿ ಎಳೆದ ಹಾಗೆ.

ಹಳೆ ಫೋಟೋ, ಹೊಸ ಫೋಟೋ ಎರಡೂ ಮೆಕ್ಯಾನಿಕ್‌ಗೆ ತೋರಿಸಿದೆ. ಅವನು ಬಾನೆಟ್ ಎತ್ತಲೂ ಇಲ್ಲ. "ಟ್ಯಾಪೆಟ್ ಪ್ಯಾಕಿಂಗ್ ತಗೊಂಡು ಬನ್ರಿ, ಅರ್ಧ ದಿನದ ಕೆಲಸ" ಅಂದ. ಪ್ಯಾಕಿಂಗ್, ಅಂದರೆ ಆ ಮುಚ್ಚಳದ ಅಂಚಿನಲ್ಲಿ ಎಣ್ಣೆ ತಡೆಯುವ ಪಟ್ಟಿ, ತಂದಿಟ್ಟಿದ್ದೇನೆ. ಶನಿವಾರ ಬಿಚ್ಚುತ್ತೇವೆ. ಕಾಯಿಲ್‌ಗಳಿಗೆ ದಪ್ಪ ಚೀಲವನ್ನೂ ಹತ್ತು ತಂದಿದ್ದೇನೆ.