ಬರಿಗೈಯಲ್ಲಿ ದೋಣಿ ಹತ್ತುವುದು

ಮೂರು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳ ಒಂದು ಶನಿವಾರ, ಸಿಯಾಟಲ್ ಸಮೀಪದ ನಮ್ಮ ಮನೆಯ ಅಂಗಳದಲ್ಲಿ, ಒಂದು ಹನಿ ನೀರೂ ಇಲ್ಲದ ಕಡೆ ನಾನು ನನ್ನ ದೋಣಿಯಿಂದ ಬಿದ್ದು ಎಡಗೈಯ ಮಣಿಕಟ್ಟು ಮುರಿದುಕೊಂಡೆ. ದೋಣಿ ಟ್ರೇಲರಿನ ಮೇಲಿತ್ತು. ಬಲ್ಬು ಬದಲಾಯಿಸಲು ಇಟ್ಟುಕೊಂಡಿದ್ದ ಮಡಚುವ ಏಣಿಯನ್ನು ಅದರ ಬದಿಗೆ ಒರಗಿಸಿ, 20 ಕಿಲೋದಷ್ಟು ಭಾರವಿದ್ದ ಬ್ಯಾಟರಿಯನ್ನು ಬಲಗೈಯಲ್ಲಿ ಹಿಡಿದು, ಎಡಗೈಯಿಂದ ಏಣಿಯನ್ನು ಹಿಡಿದು ಹತ್ತುತ್ತಿದ್ದೆ. ಮೇಲಿನಿಂದ ಎರಡನೆಯ ಮೆಟ್ಟಿಲಿನಲ್ಲಿ ನಿಂತು ಬ್ಯಾಟರಿಯನ್ನು ದೋಣಿಯೊಳಕ್ಕೆ ದಾಟಿಸಬೇಕೆಂದು ಬಲಕ್ಕೆ ವಾಲಿದಾಗ ಏಣಿ ಎಡಕ್ಕೆ ಜಾರಿತು. ಬ್ಯಾಟರಿ ನನ್ನ ಪಕ್ಕದಲ್ಲಿ ಬಿದ್ದಿತೇ ಹೊರತು ಮೈಮೇಲೆ ಬೀಳಲಿಲ್ಲ. ಆ ಬೇಸಿಗೆ ಪೂರ್ತಿ ದೋಣಿ ಅಂಗಳದಲ್ಲಿಯೇ ಉಳಿಯಿತು, ಮತ್ತು ದೋಣಿ ಹತ್ತುವುದು ಎಂಬ ಒಂದೇ ವಿಷಯದ ಬಗ್ಗೆ ಯೋಚಿಸಲು ನನಗೆ ಸಾಕಷ್ಟು ಸಮಯ ಸಿಕ್ಕಿತು.

ನನ್ನದು ಕ್ಯಾಟಲೀನಾ 22. ಫ್ರ್ಯಾಂಕ್ ಬಟ್ಲರ್ ಅವರ ಕಂಪನಿ 1970ರ ಸುಮಾರಿಗೆ ಮಾರುಕಟ್ಟೆಗೆ ತಂದ, ಇಲ್ಲಿಯವರೆಗೆ 15,000ಕ್ಕೂ ಹೆಚ್ಚು ತಯಾರಾಗಿರುವ ಪುಟ್ಟ ಹಾಯಿದೋಣಿ. ಉದ್ದ ಇಪ್ಪತ್ತೊಂದೂವರೆ ಅಡಿ, ತೂಕ ಸುಮಾರು ಒಂದು ಟನ್. ಒಳಗೆ ಮಲಗಲು ಸ್ಥಳವಿದೆ, ಚಹಾ ಕಾಯಿಸಿಕೊಳ್ಳಬಹುದು, ಎರಡು ಮೂರು ದಿನ ದ್ವೀಪಗಳ ನಡುವೆ ಸುತ್ತಿಬರಬಹುದು. ದೋಣಿ ಮಗುಚದಂತೆ ಅಡಿಯಲ್ಲಿ ನೀರಿನೊಳಕ್ಕೆ ಇಳಿಬಿದ್ದಿರುವ ಕಬ್ಬಿಣದ ಭಾರದ ಹಲಗೆಯನ್ನು, ಅಂದರೆ ಕೀಲನ್ನು, ಒಂದು ಹಿಡಿಕೆ ಸುತ್ತಿ ಮೇಲೆತ್ತಿಕೊಂಡರೆ ಸುಮಾರು ಎರಡಡಿ ನೀರಿನಲ್ಲಿಯೂ ತೇಲುತ್ತದೆ, ಟ್ರೇಲರಿನ ಮೇಲೂ ಕೂರುತ್ತದೆ. ಆದರೆ ಟ್ರೇಲರಿನ ಮೇಲೆ ಕೂತಾಗ ಅದರ ಡೆಕ್ಕಿನ ಅಂಚು ನೆಲದಿಂದ ಹೆಚ್ಚುಕಡಿಮೆ ಆರಡಿ ಎತ್ತರಕ್ಕೆ ಹೋಗಿಬಿಡುತ್ತದೆ. ನೀರಿನಲ್ಲಿ ಬಿದ್ದರೆ ಒದ್ದೆಯಾಗಿ ಏಳಬಹುದು. ಅಂಗಳದ ಕಾಂಕ್ರೀಟಿಗೆ ಆ ದಾಕ್ಷಿಣ್ಯವಿಲ್ಲ.

ಈಗ ನನ್ನ ಬಳಿ ಫೈಬರ್‌ಗ್ಲಾಸಿನ ಒಂದು ನೇರ ಏಣಿ ಇದೆ. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಅದರ ಬುಡವನ್ನು ಹೊರಕ್ಕೆ ಇಡುತ್ತೇನೆ. ಹತ್ತಿ ನಿಲ್ಲುವ ಮಟ್ಟಕ್ಕಿಂತ ಮೂರು ಅಡಿಯಾದರೂ ಏಣಿ ಮೇಲಕ್ಕೆ ಚಾಚಿಕೊಂಡಿರಬೇಕು. ಮನೆ ಕಟ್ಟುವವರು ದಿನವೂ ಪಾಲಿಸುವ ಲೆಕ್ಕವೇ ಇದು. ಆ ಚಾಚಿದ ಮೂರು ಅಡಿ ಇರುವುದು ಅಂದಕ್ಕಲ್ಲ. ಕಾಲು ಏಣಿಯನ್ನು ಬಿಟ್ಟು ಡೆಕ್ಕಿಗೆ ಹೋಗುವ ಆ ಒಂದು ಕ್ಷಣದಲ್ಲಿ ಕೈ ಹಿಡಿಯಲು ಏನಾದರೂ ಬೇಕು, ಮತ್ತು ಪಟದ ಕಂಬವನ್ನು ಇಳಿಸಿ ಮಲಗಿಸಿರುವ ದೋಣಿಯಲ್ಲಿ ಆ ಎತ್ತರದಲ್ಲಿ ಹಿಡಿಯಲು ಬೇರೇನೂ ಇರುವುದಿಲ್ಲ. ಏಣಿಯ ತಲೆಯನ್ನು ಕಾಕ್‌ಪಿಟ್ಟಿನ (ದೋಣಿ ನಡೆಸುವವರು ಕೂರುವ ತಗ್ಗಿನ) ಪಕ್ಕದ ವಿಂಚಿಗೆ, ಅಂದರೆ ಹಾಯಿಯ ಹಗ್ಗ ಸುತ್ತಿ ಬಿಗಿಯುವ ಗಟ್ಟಿ ಉರುಳೆಗೆ, ಹಗ್ಗದಿಂದ ಬಿಗಿದು ಕಟ್ಟುತ್ತೇನೆ. ಕಟ್ಟಲು ಮೊದಲ ಬಾರಿ ಮೇಲೆ ಹೋಗಲೇಬೇಕಲ್ಲ ಎಂದು ನೀವು ಕೇಳಬಹುದು; ಅದಕ್ಕೆಂದೇ ವಿಂಚಿನಿಂದ ಒಂದು ಹಗ್ಗವನ್ನು ಸದಾ ಹೊರಗೆ ಇಳಿಬಿಟ್ಟಿರುತ್ತೇನೆ. ಏಣಿಯನ್ನು ಎತ್ತಿ ಒರಗಿಸುವ ಮೊದಲೇ, ನೆಲದಲ್ಲಿ ನಿಂತು ಅದನ್ನು ಏಣಿಯ ಮೇಲಿನ ಮೆಟ್ಟಿಲಿನೊಳಗೆ ತೂರಿಸಿ, ಒರಗಿಸಿದ ಮೇಲೆ ಕೆಳಗೆ ಎಳೆದು, ಕೆಳಗಿನ ಮೆಟ್ಟಿಲಿಗೆ ಗಂಟು ಹಾಕಿದರೆ ಏಣಿ ಅಲುಗಾಡುವುದಿಲ್ಲ. ಸಾಮಾನುಗಳನ್ನೆಲ್ಲ ಒಂದು ಬಕೆಟ್ಟಿನಲ್ಲಿಟ್ಟು, ಮೇಲೆ ಹತ್ತಿ ಕೂತ ನಂತರ ಹಗ್ಗದಿಂದ ಸೇದಿಕೊಳ್ಳುತ್ತೇನೆ, ಬಾವಿಯಿಂದ ನೀರು ಸೇದಿದ ಹಾಗೆ. ಹತ್ತುವುದು ಒಂದು ಕೆಲಸ, ಸಾಗಿಸುವುದು ಇನ್ನೊಂದು ಕೆಲಸ. ಎರಡನ್ನೂ ಒಟ್ಟಿಗೆ ಮಾಡಹೊರಟಿದ್ದೇ ನನ್ನ ಮಣಿಕಟ್ಟಿನ ಕಥೆ.

ಏಣಿಯನ್ನು ಎಲ್ಲಿ ಇಡಬೇಕು ಎಂಬುದೂ ಮುಖ್ಯ. ದೋಣಿಯ ಹಿಂಭಾಗದಲ್ಲಿ ಹತ್ತುವುದು ಎಲ್ಲರಿಗೂ ಸುಲಭವಾಗಿ ಕಾಣುತ್ತದೆ, ಏಕೆಂದರೆ ಅಲ್ಲಿ ಹಿಡಿಯಲು ಸ್ಟೀಲಿನ ಕಟಾಂಜನವಿದೆ, ಕಾಕ್‌ಪಿಟ್ ಎದುರಿಗೇ ಇದೆ. ಆದರೆ ಎತ್ತಿನ ಗಾಡಿಯನ್ನು ನೋಡಿ ಬೆಳೆದವರಿಗೆ ಹೇಳಬೇಕಾಗಿಲ್ಲ: ಎತ್ತು ಬಿಚ್ಚಿದ ಗಾಡಿಯ ಹಿಂದೆ ಭಾರ ಬಿದ್ದರೆ ಮೂಕಿ ಆಕಾಶ ನೋಡುತ್ತದೆ. ಕಾರಿನಿಂದ ಕಳಚಿ ನಿಲ್ಲಿಸಿದ ಟ್ರೇಲರಿನ ಹಣೆಬರಹವೂ ಅದೇ. ಭಾರದ ಬಹುಪಾಲು ಚಕ್ರಗಳ ಮೇಲಿದ್ದು, ಮೂಕಿಯ ಮೇಲೆ ಒಟ್ಟು ತೂಕದ ಹತ್ತನೆಯ ಒಂದು ಭಾಗದಷ್ಟೋ ಅದಕ್ಕೂ ಕಡಿಮೆಯೋ ಇರುತ್ತದೆ. ಹಿಂದೆ ಮೋಟಾರು ತೂಗುತ್ತಿದ್ದು, ಇಬ್ಬರು ದಪ್ಪ ಗಂಡಸರು ಅದರ ಪಕ್ಕದಲ್ಲಿ ನಿಂತು ಮಾತಿಗಿಳಿದರೆ ಆ ಲೆಕ್ಕ ತಲೆಕೆಳಗಾಗಲು ಹೆಚ್ಚು ಹೊತ್ತು ಬೇಡ. ನಮ್ಮ ಅಂಗಳದಲ್ಲಿ ಒಮ್ಮೆ ಮೂಕಿಯ ಕೆಳಗಿನ ಪುಟ್ಟ ಗಾಲಿ ನೆಲ ಬಿಟ್ಟು ನಾಲ್ಕು ಬೆರಳು ಮೇಲೆ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೇಲಿದ್ದ ಗೆಳೆಯನಿಗೆ ಏನೂ ಗೊತ್ತಾಗಲಿಲ್ಲ, ಆತ ಇಡ್ಲಿಯ ವಿಷಯ ಮಾತನಾಡುತ್ತಿದ್ದ. ಹೀಗಾಗಿ ಟ್ರೇಲರ್ ಕಾರಿನ ಕೊಂಡಿಗೆ ಸೇರಿಲ್ಲದಿದ್ದರೆ ಅದರ ಮೇಲೆ ಯಾರೂ ಹತ್ತಬಾರದು, ಅಥವಾ ಹಿಂಬದಿಯ ಚೌಕಟ್ಟಿನ ಅಡಿಗೆ ಗಟ್ಟಿ ಆಧಾರ ಕೊಟ್ಟು, ಗಾಲಿಗಳ ಎರಡೂ ಕಡೆ ಅಡ್ಡಗಟ್ಟೆ ಇಟ್ಟ ಮೇಲಷ್ಟೇ ಹತ್ತಬೇಕು. ನಾನು ಏಣಿಯನ್ನು ಇಡುವುದು ಹಿಂದೆಯೂ ಅಲ್ಲ, ಮುಂದೆಯೂ ಅಲ್ಲ, ಗಾಲಿಯ ಪಕ್ಕದಲ್ಲಿ. ಅಲ್ಲಿ ಎಷ್ಟು ಭಾರ ಬಿದ್ದರೂ ಅದು ನೇರವಾಗಿ ಅಚ್ಚಿನ ಮೇಲೆ ಕೂರುತ್ತದೆ.

ಕಂಬ ಎತ್ತುವ ಮೊದಲು ತಲೆಯೆತ್ತಿ ನೋಡಬೇಕು. ಸುಮಾರು 25 ಅಡಿಯ ಅಲ್ಯೂಮಿನಿಯಂ ಕಂಬ ವಿದ್ಯುತ್ ತಂತಿಗೆ ತಗುಲಿದರೆ ಮೇಲಿರುವವನಿಗೂ ಕೆಳಗಿರುವವನಿಗೂ ಉಳಿಗಾಲವಿಲ್ಲ. ಅಲ್ಯೂಮಿನಿಯಂ ಏಣಿಯನ್ನು ಬಿಟ್ಟು ಫೈಬರ್‌ಗ್ಲಾಸಿನದನ್ನು ಕೊಂಡದ್ದಕ್ಕೂ ಇದೇ ಕಾರಣ.

ಟ್ರೇಲರನ್ನು ಹಿಂದಕ್ಕೆ ನಡೆಸಿ ದೋಣಿಯನ್ನು ನೀರಿಗಿಳಿಸುವ ಇಳಿಜಾರಾದ ರ್ಯಾಂಪಿನಲ್ಲಿ ನನ್ನ ನಿಯಮ ಚಿಕ್ಕದು: ದೋಣಿ ಹಿಂದಕ್ಕೆ ಇಳಿಯುತ್ತಿರುವಾಗ ಅದರೊಳಗೆ ಯಾರೂ ಇರುವುದಿಲ್ಲ. ಸಾಮಾನು ತುಂಬುವುದು, ಕಂಬ ನಿಲ್ಲಿಸುವುದು ಎಲ್ಲವನ್ನೂ ಮೇಲಿನ ಸಮತಟ್ಟು ಜಾಗದಲ್ಲಿಯೇ ಮುಗಿಸಿ, ಎಲ್ಲರೂ ಇಳಿದು, ಮುಂದಿನಿಂದ ಒಂದು, ಹಿಂದಿನಿಂದ ಒಂದು ಉದ್ದನೆಯ ಹಗ್ಗ ಕಟ್ಟಿಕೊಂಡು, ದೋಣಿ ತೇಲಿದ ಮೇಲೆ ಹಸುವನ್ನು ನಡೆಸಿಕೊಂಡು ಹೋಗುವಂತೆ ಅದನ್ನು ಪಕ್ಕದ ದಕ್ಕೆಗೆ ಎಳೆದುಕೊಂಡು ಹೋಗುತ್ತೇವೆ. ಸಿಯಾಟಲ್ ಪಕ್ಕದ ಕಡಲ ತೋಳಾದ ಪ್ಯೂಜೆಟ್ ಸೌಂಡಿನಲ್ಲಿ ಭರತ ಇಳಿತಗಳ ನಡುವಿನ ಅಂತರ ಹನ್ನೊಂದು ಅಡಿಯಷ್ಟಿರುವುದು ಸಾಮಾನ್ಯ. ಕುಂದಾಪುರದ ಕಡಲನ್ನು ಕಂಡ ನನಗೆ ಅದು ಮೊದಲು ನಂಬಲಾಗದ ಮಾತಾಗಿತ್ತು. ನೀರು ಇಳಿದಾಗ ರ್ಯಾಂಪಿನ ಕೆಳಭಾಗದ ಹಸಿರು ಪಾಚಿ ಬಯಲಾಗುತ್ತದೆ, ಅದರ ಮೇಲೆ ಕಾಲಿಟ್ಟವರು ಕೂತುಕೊಂಡೇ ನೀರು ಸೇರುತ್ತಾರೆ. ಹಸಿರು ಶುರುವಾಗುವ ಗೆರೆಯಿಂದ ಕೆಳಗೆ ನಡೆಯದೆಯೇ ಕೆಲಸ ಮುಗಿಯುವಷ್ಟು ಉದ್ದದ ಹಗ್ಗ ಇಟ್ಟುಕೊಳ್ಳುವುದು ಒಳ್ಳೆಯದು.

ತೇಲುವ ದಕ್ಕೆ ಇಲ್ಲಿನ ದೊಡ್ಡ ಅನುಕೂಲ. ನೀರಿನ ಜೊತೆಗೆ ಅದೂ ಏರಿ ಇಳಿಯುವುದರಿಂದ ದಕ್ಕೆಗೂ ದೋಣಿಯ ಅಂಚಿಗೂ ಇರುವ ಎತ್ತರ ಯಾವ ಹೊತ್ತಿನಲ್ಲಿಯೂ ಬದಲಾಗುವುದಿಲ್ಲ. ಬದಲಾಗುವುದು ನಡುವಿನ ಸಂದು. ಒಂದು ಟನ್ ತೂಕದ ದೋಣಿ ತೇಲುವಾಗ ಕಾಲಿನ ಒಂದು ಒತ್ತಿಗೆ ಸರಿದು ಹೋಗುತ್ತದೆ, ಹೋದದ್ದು ಸುಲಭವಾಗಿ ನಿಲ್ಲುವುದಿಲ್ಲ. ಒಂದು ಕಾಲು ದಕ್ಕೆಯಲ್ಲಿ, ಒಂದು ಕಾಲು ದೋಣಿಯಲ್ಲಿ ಇಟ್ಟುಕೊಂಡು ನಿಂತವರಿಗೆ ಅದರ ಅರ್ಥ ಬೇಗ ತಿಳಿಯುತ್ತದೆ. ಮುಂದೆ ಹಿಂದೆ ಎರಡು ಹಗ್ಗ ಬಿಗಿದರೆ ಸಾಲದು, ದೋಣಿಯ ನಡುವಿನಿಂದ ಓರೆಯಾಗಿ ಇನ್ನೊಂದನ್ನು ಕಟ್ಟಿದರೆ ಹತ್ತುವ ಜಾಗ ದಕ್ಕೆಗೆ ಅಂಟಿಕೊಂಡು ನಿಲ್ಲುತ್ತದೆ. ಹತ್ತುವ ಜಾಗ ಎಂದರೆ ಪಟದ ಕಂಬವನ್ನು ಎರಡು ಬದಿಗೂ ಬಿಗಿದು ನಿಲ್ಲಿಸಿರುವ ಉಕ್ಕಿನ ತಂತಿಗಳ ಪಕ್ಕ. ಇಡೀ ದೋಣಿಯಲ್ಲಿ ಮನುಷ್ಯನ ಪೂರ್ತಿ ಭಾರವನ್ನು ನಂಬಿ ಒಪ್ಪಿಸಬಹುದಾದ ಹಿಡಿಕೆ ಅದೊಂದೇ ಎಂದರೂ ತಪ್ಪಿಲ್ಲ. ನನ್ನ ದೋಣಿಗೆ ಅಂಚಿನ ತಂತಿಬೇಲಿ ಇಲ್ಲ. ಇರುವ ದೋಣಿಗಳಲ್ಲಿ ಜನ ಮೊದಲು ಕೈ ಹಾಕುವುದೇ ಆ ಬೇಲಿಯ ಗಿಡ್ಡ ಕಂಬಗಳಿಗೆ. ಅವು ಮೊಣಕಾಲಿನ ಎತ್ತರಕ್ಕಿದ್ದು, ಬುಡದ ಸ್ಕ್ರೂಗಳು ಸಡಿಲವಾಗಿದ್ದರೆ ಕೈಗೇ ಬರುತ್ತವೆ.

ಕಳೆದ ಬೇಸಿಗೆಯಲ್ಲಿ ಅಮ್ಮ ಊರಿನಿಂದ ಬಂದಿದ್ದಳು. ಎಪ್ಪತ್ತು ದಾಟಿದ ಆಕೆ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು ದಕ್ಕೆಯ ಮೇಲೆ ನಿಂತಾಗ, ನಾನು ದೋಣಿಯೊಳಗಿನಿಂದ ಎರಡೂ ಕೈ ಚಾಚಿ, "ಕೈ ಕೊಡು ಅಮ್ಮ, ಎಳೆದುಕೊಳ್ಳುತ್ತೇನೆ" ಎಂದೆ. ಆಕೆ ಕೈ ಕೊಡಲಿಲ್ಲ. "ನನ್ ಕೈ ಹಿಡ್ಕಂಬ್ದ್ ಬ್ಯಾಡ ಮಗಾ, ದೋಣಿ ಹಿಡ್ಕೊ" ಎಂದಳು. ಆಮೇಲೆ ದೋಣಿಗೆ ಬೆನ್ನು ತಿರುಗಿಸಿ, ಒಂದು ಕೈಯಲ್ಲಿ ಉಕ್ಕಿನ ತಂತಿಯನ್ನು ಹಿಡಿದು, ಜಗಲಿಯ ಮೇಲೆ ಕೂರುವಂತೆ ಡೆಕ್ಕಿನ ಅಂಚಿನ ಮೇಲೆ ಕೂತು, ಕಾಲುಗಳನ್ನು ಒಂದೊಂದಾಗಿ ಒಳಕ್ಕೆ ತಿರುಗಿಸಿಕೊಂಡಳು. ಎಲ್ಲಿಯೂ ಒಂದು ಕ್ಷಣವೂ ಒಂಟಿಕಾಲಿನಲ್ಲಿ ನಿಲ್ಲಲಿಲ್ಲ. ಪಂಚಗಂಗಾವಳಿಯನ್ನು ದೋಣಿಯಲ್ಲಿ ದಾಟಿ ಗಂಗೊಳ್ಳಿಗೂ ಕುಂದಾಪುರಕ್ಕೂ ಓಡಾಡಿದ ಹೆಂಗಸು ಆಕೆ. ಮೀನಿನ ಬುಟ್ಟಿ ಹೊತ್ತವರು, ಮಕ್ಕಳನ್ನು ಸೊಂಟದಲ್ಲಿಟ್ಟುಕೊಂಡವರು ಎಲ್ಲರೂ ಕಡವಿನಲ್ಲಿ ಹೀಗೆಯೇ ಹತ್ತುತ್ತಿದ್ದರಂತೆ. ಬುಟ್ಟಿ ಮೊದಲು, ಮಗು ನಂತರ, ತಾನು ಕೊನೆಗೆ.

ನಾನು ಓದಿದ್ದಕ್ಕಿಂತ ಹೆಚ್ಚಿನದನ್ನು ಆ ಒಂದು ಮಾತು ಹೇಳಿತು. ಹತ್ತುವವರ ಕೈ ಹಿಡಿದು ಎಳೆದರೆ ಅವರ ತೂಕ ಅವರ ಕಾಲಿನಿಂದ ನಮ್ಮ ಕೈಗೆ ಬರುತ್ತದೆ, ಅವರ ಸಮತೋಲ ಅವರ ಅಧೀನದಲ್ಲಿ ಉಳಿಯುವುದಿಲ್ಲ, ದೋಣಿ ಸರಿದರೆ ಇಬ್ಬರೂ ಹೋಗುತ್ತಾರೆ. ದಕ್ಕೆಯ ಮೇಲಿನ ಕೊಕ್ಕೆಯನ್ನೋ ಹಗ್ಗವನ್ನೋ ಹಿಡಿದು ದೋಣಿಯನ್ನು ಅಲುಗದಂತೆ ನಿಲ್ಲಿಸಿಕೊಟ್ಟರೆ ಅವರೇ ತಮ್ಮ ಲೆಕ್ಕದಲ್ಲಿ ಹತ್ತುತ್ತಾರೆ. ತೀರ ಅಶಕ್ತರಾದವರಿಗೆ ಮಾತ್ರ ಕೈ ಬೇಕಾಗುತ್ತದೆ, ಆಗಲೂ ಬೆರಳು ಹಿಡಿಯದೆ ಒಬ್ಬರ ಮಣಿಕಟ್ಟನ್ನು ಇನ್ನೊಬ್ಬರು ಹಿಡಿದುಕೊಳ್ಳಬೇಕು.

ದಕ್ಕೆಯೇ ಇಲ್ಲದ ದಂಡೆಯ ವಿಷಯ ಬೇರೆ. ಸಿಯಾಟಲಿನ ಉತ್ತರಕ್ಕಿರುವ ಸ್ಯಾನ್ ವಾನ್ ದ್ವೀಪಗಳಲ್ಲಿ ಸೂಷಿಯಾ ಎಂಬ ದ್ವೀಪವಿದೆ. ದೋಣಿಯಿಲ್ಲದೆ ಅಲ್ಲಿಗೆ ಹೋಗಲಾಗುವುದಿಲ್ಲ, ಅದರ ಹೆಚ್ಚಿನ ದಂಡೆಗಳಲ್ಲಿ ದಕ್ಕೆಯೂ ಇಲ್ಲ. ಅಂಥ ಕಡೆ ಹೊರಗೆ ಆಳದಲ್ಲಿ ಹಿಂದಿನ ಲಂಗರನ್ನು ಬಿಟ್ಟು, ಹಗ್ಗ ಸಡಿಲಿಸುತ್ತ, ಕೀಲನ್ನೂ ಚುಕ್ಕಾಣಿಯನ್ನೂ ಎತ್ತಿಕೊಂಡು, ಮೂತಿಯನ್ನು ದಂಡೆಯ ಕಡೆಗೆ ತಂದು ಮೊಣಕಾಲಿನಷ್ಟು ನೀರಿನಲ್ಲಿ ಇಳಿಯುತ್ತೇವೆ. ಬರಿಗಾಲಲ್ಲಿ ಇಳಿಯಬಾರದು, ಕಲ್ಲುಗಳಿಗೆ ಅಂಟಿಕೊಂಡಿರುವ ಬಿಳಿ ಚಿಪ್ಪುಗಳು ಬ್ಲೇಡಿನಂತೆ ಕುಯ್ಯುತ್ತವೆ. ಇನ್ನೊಂದು ಎಚ್ಚರಿಕೆ ದೊಡ್ಡ ಹಡಗುಗಳದ್ದು: ಫೆರಿ ಕಣ್ಣಿಗೆ ಮರೆಯಾದ ಎಷ್ಟೋ ಹೊತ್ತಿನ ನಂತರ ಅದರ ಅಲೆ ದಂಡೆಗೆ ಬಂದು ದೋಣಿಯನ್ನು ಎತ್ತಿ ಹಾಕುತ್ತದೆ. ಆ ಹೊತ್ತಿನಲ್ಲಿ ದೋಣಿಯ ಮೂತಿಗೂ ದಂಡೆಗೂ ನಡುವೆ ಯಾರೂ ನಿಂತಿರಬಾರದು. ಅಲೆ ಬರುತ್ತಿದ್ದರೆ ಹತ್ತುವುದನ್ನು ನಿಲ್ಲಿಸಿ, ಪಕ್ಕಕ್ಕೆ ಸರಿದು, ನೀರು ಶಾಂತವಾಗುವವರೆಗೆ ಕಾಯಬೇಕು. ಆದರೆ ಬಹಳ ಹೊತ್ತು ಕಾಯುವಂತೆಯೂ ಇಲ್ಲ; ಇಳಿತದ ನಡುವಿನ ಒಂದು ಗಂಟೆಯಲ್ಲಿಯೇ ಎರಡು ಅಡಿಗೂ ಹೆಚ್ಚು ನೀರು ಹೋಗಿಬಿಡುವುದುಂಟು, ಆಮೇಲೆ ದೋಣಿಯ ಜೊತೆ ನಾವೂ ಅರ್ಧ ದಿನ ಕಲ್ಲಿನ ಮೇಲೆ ಕೂರಬೇಕಾಗುತ್ತದೆ.

ಉಳಿದದ್ದು, ನೀರಿನಿಂದ ದೋಣಿ ಹತ್ತುವುದು. ಇದನ್ನು ಯಾರೂ ಯೋಜಿಸಿ ಮಾಡುವುದಿಲ್ಲವಾದ್ದರಿಂದ ಇದಕ್ಕೆ ತಯಾರಿ ಹೆಚ್ಚು ಬೇಕು. ಇಲ್ಲಿನ ಸಮುದ್ರ ಬೇಸಿಗೆಯಲ್ಲಿಯೂ ಹೆಚ್ಚಿನ ಕಡೆ 13 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೇ ಇರುತ್ತದೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ತಣ್ಣೀರಿನ ಬಗ್ಗೆ ಹೇಳುವ ಲೆಕ್ಕ 1-10-1: ಉಸಿರನ್ನು ಹತೋಟಿಗೆ ತಂದುಕೊಳ್ಳಲು ಒಂದು ನಿಮಿಷ, ಕೈಕಾಲು ಹೇಳಿದಂತೆ ಕೇಳುವುದು ಹತ್ತು ನಿಮಿಷ, ಮೈ ತಣ್ಣಗಾಗಿ ಪ್ರಜ್ಞೆ ತಪ್ಪಲು ಒಂದು ಗಂಟೆ. ಲೈಫ್ ಜಾಕೆಟ್ ಆ ಒಂದು ಗಂಟೆಯವರೆಗೆ ತೇಲಿಸಬಹುದು, ಆದರೆ ಹತ್ತುವ ಶಕ್ತಿ ಇರುವುದು ಆ ಹತ್ತು ನಿಮಿಷಗಳಲ್ಲಿ ಮಾತ್ರ.

ಮೊನ್ನೆ ಆಗಸ್ಟಿನಲ್ಲಿ ಲೇಕ್ ವಾಷಿಂಗ್ಟನ್ನಿನ ಬೆಚ್ಚನೆಯ ನೀರಿನಲ್ಲಿ, ಪ್ಯಾಂಟು, ಅಂಗಿ, ಲೈಫ್ ಜಾಕೆಟ್ ಸಮೇತ ಇಳಿದು ಇದನ್ನು ಪರೀಕ್ಷಿಸಿ ನೋಡಿದೆ. ಮೋಟಾರು ನಿಲ್ಲಿಸಿ, ಕೀ ತೆಗೆದು ಹೆಂಡತಿಯ ಕೈಗೆ ಕೊಟ್ಟಿದ್ದೆ, ಏಕೆಂದರೆ ಏಣಿಯ ಪಕ್ಕದಲ್ಲಿಯೇ ಮೋಟಾರಿನ ತಿರುಗುವ ರೆಕ್ಕೆಗಳಿವೆ. ದೋಣಿಯ ಜೊತೆ ಬಂದಿದ್ದ ಹಳೆಯ ಏಣಿಯ ಕೊನೆಯ ಮೆಟ್ಟಿಲು ನೀರಿನ ಮಟ್ಟದಿಂದ ಒಂದು ಗೇಣೂ ಕೆಳಗಿರಲಿಲ್ಲ. ಜಾಕೆಟ್ ಎದೆಯನ್ನು ಮೇಲಕ್ಕೆ ತಳ್ಳುತ್ತಿತ್ತು, ಕಾಲು ದೋಣಿಯ ಅಡಿಗೆ ತೇಲಿ ಹೋಗುತ್ತಿತ್ತು, ಮೊಣಕಾಲನ್ನು ಗಲ್ಲಕ್ಕೆ ತಂದರೂ ಪಾದ ಮೆಟ್ಟಿಲು ಮುಟ್ಟಲಿಲ್ಲ. ಮೂರು ಸಲ ಪ್ರಯತ್ನಿಸಿ, ಕೊನೆಗೆ ದಡಕ್ಕೆ ಈಜಿಕೊಂಡು ಹೋದೆ. ಅಮೆರಿಕದಲ್ಲಿ ದೋಣಿ ತಯಾರಕರು ಅನುಸರಿಸುವ ಮಾನದಂಡದ ಪ್ರಕಾರ ಕೊನೆಯ ಮೆಟ್ಟಿಲು ನೀರಿನ ಮಟ್ಟಕ್ಕಿಂತ ಕನಿಷ್ಠ 22 ಅಂಗುಲ ಕೆಳಗಿರಬೇಕು, ಮತ್ತು ನೀರಿನಲ್ಲಿರುವವರು ಯಾರ ಸಹಾಯವೂ ಇಲ್ಲದೆ ಅದನ್ನು ಬಿಡಿಸಿಕೊಳ್ಳುವಂತಿರಬೇಕು. ಎರಡು ವಾರದ ನಂತರ ನಾಲ್ಕು ಮೆಟ್ಟಿಲಿನ ಮಡಚುವ ಏಣಿಯನ್ನು ಕೂರಿಸಿ, ಅದರ ಕೊಕ್ಕೆಗೆ ಹಳದಿ ಹಗ್ಗದ ಒಂದು ತುಂಡು ಕಟ್ಟಿ, ತುದಿಯನ್ನು ನೀರಿನಿಂದ ಒಂದು ಗೇಣು ಮೇಲೆ ಇಳಿಬಿಟ್ಟು, ಮತ್ತೆ ಅದೇ ಬಟ್ಟೆಯಲ್ಲಿ ನೀರಿಗಿಳಿದೆ. ಹಗ್ಗ ಎಳೆದ ಕೂಡಲೇ ಏಣಿ ಬಿದ್ದಿತು, ಬಲಗಾಲು ಮೆಟ್ಟಿಲನ್ನು ಹುಡುಕಬೇಕಾಗಲಿಲ್ಲ. ಹೆಂಡತಿ ಮೊಬೈಲಿನಲ್ಲಿ ಹಿಡಿದ ಹೊತ್ತು 14 ಸೆಕೆಂಡು. ಆಮೇಲೆ ಮೊಬೈಲನ್ನು ನನ್ನ ಕೈಗಿಟ್ಟು ಆಕೆಯೂ ಇಳಿದಳು.