ಮೂತಿಹುಳುವಿನ ಸೊಂಟ, ಐದನೇ ಪ್ರಿಂಟ್: ಹಿಂಗಾಲು ಕೊನೆಗೂ ತಿರುಗಿತು

ಮೂತಿಹುಳುವಿನ ಸೊಂಟದ ಕೀಲಿನ ಮಾಡೆಲನ್ನು 3ಡಿ ಪ್ರಿಂಟರ್‌ನಲ್ಲಿ ಮಾಡುತ್ತಿದ್ದೇನೆ. ನಾಲ್ಕು ಪ್ರಿಂಟ್ ಕಸದ ಬುಟ್ಟಿ ಸೇರಿದ ಮೇಲೆ ಗೊತ್ತಾಯಿತು, ತಪ್ಪು ಥ್ರೆಡ್‌ನದಲ್ಲ, ನಟ್ಟಿನ ತಳದ್ದು.

ಟ್ರಿಗೊನೊಪ್ಟೆರಸ್ ಆಬ್ಲಾಂಗಸ್ ಪಪುವಾ ಕಾಡಿನ ಮೂತಿಹುಳು. ರೆಕ್ಕೆಯಿಲ್ಲ, ನಡೆದೇ ಬದುಕು. ಅದರ ಸೊಂಟದಲ್ಲಿ ನಟ್ಟು-ಬೋಲ್ಟು ಇದೆ ಎಂದು ಜರ್ಮನಿಯ ಕಾರ್ಲ್ಸ್‌ರೂಹೆಯ ತಂಡ 2011ರಲ್ಲಿ ಎಕ್ಸ್‌ರೇ ಟೊಮೊಗ್ರಫಿಯಿಂದ ತೋರಿಸಿತು. ಕಾಕ್ಸ, ಅಂದರೆ ಕಾಲಿನ ಬುಡದ ತುಂಡು, ನಟ್ಟು; ಒಳಥ್ರೆಡ್ 345 ಡಿಗ್ರಿ. ಅದರ ಮುಂದಿನ ತುಂಡು ಟ್ರೋಕ್ಯಾಂಟರ್ ಸ್ಕ್ರೂ; ಅದರ ಥ್ರೆಡ್ 410 ಡಿಗ್ರಿ. ಮುಂಗಾಲು ತಿರುಗುವುದು 90 ಡಿಗ್ರಿ, ಹಿಂಗಾಲು 130.

ಮಾಡೆಲ್‌ನಲ್ಲಿ ಮುಂಗಾಲು ಸಲೀಸು. ಹಿಂಗಾಲೂ 90ರವರೆಗೆ ಬೆಣ್ಣೆಯಂತೆ ಬಂದು ಟಕ್ಕೆಂದು ನಿಲ್ಲುತ್ತಿತ್ತು. ನಟ್ಟು-ಸ್ಕ್ರೂ ನಡುವೆ ಬಿಡುವ ಸಂದು, ಅಂದರೆ ಕ್ಲಿಯರೆನ್ಸ್, 0.2 ಮಿ.ಮೀ.ನಿಂದ 0.3, ಆಮೇಲೆ 0.4 ಆಯಿತು. ಕಾಲು ಗಡಗಡ ಅಲ್ಲಾಡಿತೇ ಹೊರತು ಒಂದು ಡಿಗ್ರಿ ಮುಂದೆ ಹೋಗಲಿಲ್ಲ. ಆ ‘ಟಕ್’ ಶಬ್ದಕ್ಕೆ ಮೊದಲೇ ಕಿವಿಗೊಡಬೇಕಿತ್ತು: ಥ್ರೆಡ್ ಹಿಡಿದುಕೊಂಡರೆ ಬಿಗಿ ನಿಧಾನಕ್ಕೆ ಏರುತ್ತದೆ, ತಳ ತಾಕಿದರೆ ಒಮ್ಮೆಲೇ ನಿಲ್ಲುತ್ತದೆ. ಸ್ಕ್ರೂವಿನ ತುದಿಗೆ ಮಾರ್ಕರ್ ಬಳಿದು ತಿರುಗಿಸಿದರೆ ಕಾಕ್ಸದ ತಳದಲ್ಲಿ ದುಂಡು ಕಲೆ ಮೂಡಿತು. ಲೆಕ್ಕ ಐದನೇ ತರಗತಿಯದು. ಒಂದು ಸುತ್ತಿಗೆ 12 ಮಿ.ಮೀ. ಒಳಸರಿಯುವ ಥ್ರೆಡ್, 90 ಡಿಗ್ರಿಗೆ 3 ಮಿ.ಮೀ., 130ಕ್ಕೆ 4.33. ಮುಂಗಾಲಿನ ಫೈಲನ್ನೇ ನಕಲು ಹೊಡೆದದ್ದರಿಂದ ತಳದಲ್ಲಿದ್ದ ಜಾಗ ಸರಿಯಾಗಿ 3. ಈಗ 5 ಬಿಟ್ಟಿದೆ, ಕ್ಲಿಯರೆನ್ಸ್ 0.25ಕ್ಕೆ ವಾಪಸ್.

ಇನ್ನೊಂದು ಕಿರಿಕಿರಿ ಸೀಮ್: ಪ್ರಿಂಟರ್ ಪ್ರತಿ ಪದರವನ್ನು ಶುರುಮಾಡಿ ಮುಗಿಸುವ ಕಡೆ ಉಳಿಯುವ ಗಂಟು. ಥ್ರೆಡ್ ಮೇಲೆ ಬಿದ್ದರೆ ಪ್ರತಿಸಲ ಅಲ್ಲೇ ಕಚ್ಚುತ್ತದೆ. ರ‍್ಯಾಂಡಮ್ ಇಟ್ಟರೆ ಮೈತುಂಬ ಬೆವರುಗುಳ್ಳೆ. ನಟ್ಟಿಗೆ ಹುಳುವೇ ಉತ್ತರ ಕೊಟ್ಟಿದೆ: 345 ಹೋಗಿ ಉಳಿದ 15 ಡಿಗ್ರಿಯಲ್ಲಿ ಥ್ರೆಡ್‌ನ ಏಣೇ ಇಲ್ಲ, ಸ್ಲೈಸರ್‌ನಲ್ಲಿ (ಮಾಡೆಲನ್ನು ಪದರಗಳಾಗಿ ಸೀಳುವ ಸಾಫ್ಟ್‌ವೇರ್) ಸೀಮಿನ ಜಾಗವನ್ನು ಅಲ್ಲಿ ಪೇಂಟ್ ಮಾಡಿ ಗುರುತಿಸಿದರೆ ಸಾಕು. ಸ್ಕ್ರೂವಿಗೆ ಆ ಭಾಗ್ಯವಿಲ್ಲ, ಉದ್ದಕ್ಕೆ 0.8 ಮಿ.ಮೀ. ಅಗಲದ ವಿ ಆಕಾರದ ತೋಡು ಕೊರೆದು ಸೀಮನ್ನು ಅದರೊಳಗೆ ತಳ್ಳಬೇಕು.

ಫಿಲಮೆಂಟ್, ಅಂದರೆ ಪ್ರಿಂಟರ್‌ಗೆ ಹಾಕುವ ಪ್ಲಾಸ್ಟಿಕ್ ತಂತಿ, ಮಾರುವವರಿಗೆ ಒಂದು ನಮಸ್ಕಾರ. ಲೇಬಲ್‌ನಲ್ಲಿ ವ್ಯಾಸ 1.75 ಮಿ.ಮೀ., ಕ್ಯಾಲಿಪರ್‌ನಲ್ಲಿ 1.82. ಅಂದರೆ ಶೇ 8ರಷ್ಟು ಹೆಚ್ಚು ಪ್ಲಾಸ್ಟಿಕ್; 0.25 ಕ್ಲಿಯರೆನ್ಸ್ ನುಂಗಲು ಅಷ್ಟು ಸಾಕು. ಸ್ಲೈಸರ್‌ನಲ್ಲಿ ವ್ಯಾಸ ತಿದ್ದದೆ ಪ್ರಿಂಟ್ ಒತ್ತಬೇಡಿ.

ಮಧ್ಯೆ ತಲೆಗೆ ಹತ್ತಿದ್ದು ಇಸ್ಸಸ್ ಜಿಗಿಹುಳು. ಅದರ ಮರಿಯ ಎರಡು ಹಿಂಗಾಲಿನ ಬುಡದಲ್ಲಿ ಹಲ್ಲುಚಕ್ರಗಳಿವೆ, ಒಂದೊಂದರಲ್ಲಿ 10–12 ಹಲ್ಲು. ಜಿಗಿಯುವಾಗ ಎರಡೂ ಕಾಲು ಒಟ್ಟಿಗೆ ಚಿಮ್ಮಲು ಅದು ಬೇಕು. ಕೊನೇ ಪೊರೆ ಕಳಚಿದ ಮೇಲೆ ಚಕ್ರವೇ ಮಾಯ. ಸ್ಕೆಚ್ ಅರ್ಧ ಆಗಿದೆ. ಅದಕ್ಕೂ ಮೊದಲು ಮೂತಿಹುಳುವಿನ ನಡುಗಾಲು ಬಾಕಿ ಇದೆ. ಈ ಸಲ ತಳದ ಲೆಕ್ಕ ಮೊದಲು, ಥ್ರೆಡ್ ಆಮೇಲೆ.